ಮಂಡಿ ನೋಯುತ್ತಿದೆ ಎಂದರೆ ಸೊಂಟವನ್ನೂ ನೋಡಿ

ಮಕ್ಕಳು ಕಾಲು ನೋವೆಂದರೆ ‘ಬೆಳೆಯೋ ವಯಸ್ಸು, ಹೋಗುತ್ತೆ ಬಿಡು’ ಅನ್ನುವುದು ನಮ್ಮ ರೂಢಿ. ದಯವಿಟ್ಟು ಒಂದು ಗಳಿಗೆ ನಿಂತು ನೋಡಿ. ಬೆಳವಣಿಗೆಯ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ, ಸಂಜೆ ಅಥವಾ ರಾತ್ರಿ ಬರುತ್ತದೆ. ಬೆಳಗಾದರೆ ಮಗು ಎಂದಿನಂತೆ ಕುಣಿಯುತ್ತಿರುತ್ತದೆ. ಒಂದೇ ಕಾಲು ನೋಯುತ್ತಿದ್ದರೆ, ಕುಂಟುತ್ತಿದ್ದರೆ ಅದು ಬೇರೆ ವಿಷಯ.

10ರಿಂದ 16ರ ವಯಸ್ಸಿನಲ್ಲಿ, ಅದರಲ್ಲೂ ತೂಕ ಹೆಚ್ಚಿರುವವರಲ್ಲಿ, ಸೊಂಟದ ಕೀಲಿನೊಳಗೆ ತೊಡೆಮೂಳೆಯ ತಲೆ ತನ್ನ ಬುಡದಿಂದ ಜಾರುವುದುಂಟು. ನೋವು ಮಾತ್ರ ಮಂಡಿಯಲ್ಲಿ ಕಾಣಿಸಬಹುದು! ಮಂಡಿಯ ಎಕ್ಸ್‌ರೇ ಸರಿಯಿದೆ ಎಂದು ಸುಮ್ಮನಾದರೆ ಆಪತ್ತು. ಪಾದ ಹೊರಕ್ಕೆ ತಿರುಗಿಸಿ ಕುಂಟುತ್ತಿದ್ದರೆ ‘ಸೊಂಟವನ್ನೂ ನೋಡಿ ಡಾಕ್ಟ್ರೇ’ ಎಂದು ಧೈರ್ಯವಾಗಿ ಕೇಳಿ. ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕಿಸಬೇಡಿ. ದೈಹಿಕ ಶಿಕ್ಷಕರೂ ಇದನ್ನು ತಿಳಿದಿರಬೇಕು.

ಕಬಡ್ಡಿ, ಖೋ ಖೋ ಆಡುವಾಗ ಬೀಳುವುದು ಇದ್ದದ್ದೇ. ಆದರೆ ಬೆಳೆಯುವ ಮೂಳೆಯ ತುದಿಯಲ್ಲಿ ಮೃದ್ವಸ್ಥಿಯ ಪಟ್ಟಿ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ದೊಡ್ಡವರಿಗೆ ಬರೀ ಉಳುಕಾಗುವ ಪೆಟ್ಟಿಗೆ ಮಕ್ಕಳಲ್ಲಿ ಆ ಪಟ್ಟಿಯೇ ಬಿರಿಯಬಹುದು. ಹಾಗಾಗಿ ಉಜ್ಜಿಸುವುದು, ಎಳೆಸುವುದು ಬೇಡವೇ ಬೇಡ. ನಾಟಿ ಕಟ್ಟು ಬಿಗಿಯಾಗಿ ರಕ್ತಸಂಚಾರ ನಿಂತು ಕೈಯನ್ನೇ ಕಳೆದುಕೊಂಡ ಮಕ್ಕಳಿದ್ದಾರೆ. ಅಲುಗದಂತೆ ಆಸರೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು ಮೂಳೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮಂಡಿಚಿಪ್ಪಿನ ಕೆಳಗೆ ಉಬ್ಬಿ ನೋಯುವುದು ಆಟಗಾರ ಮಕ್ಕಳಲ್ಲಿ ಸಾಮಾನ್ಯ. ಒಮ್ಮೆ ತೋರಿಸಿ ಖಚಿತಪಡಿಸಿಕೊಂಡರೆ ಗಾಬರಿ ಬೇಕಿಲ್ಲ. ಓಟ, ಜಿಗಿತ ಕಡಿಮೆ ಮಾಡಿದರೆ ತಗ್ಗುತ್ತದೆ. ನೋವಿನ ಮಾತ್ರೆ ನುಂಗಿಸಿ ಪಂದ್ಯಕ್ಕೆ ಮಾತ್ರ ಇಳಿಸಬೇಡಿ.