ಛಾಯಾಚಿತ್ರದ ರೂಪಾಂತರ: ಉಳಿಯುವುದೇನು, ಅಳಿಯುವುದೇನು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಳೆಯ ಮನೆತನಗಳಲ್ಲಿ ಮೋಡಿ ಲಿಪಿಯ ಕಾಗದಪತ್ರಗಳು ಇಂದಿಗೂ ದೊರೆಯುವುವು. ಮರಾಠರ ಆಳಿಕೆಯ ಕಾಲದಿಂದ ಈ ಸೀಮೆಯ ಲೆಕ್ಕಪತ್ರಗಳು ಬಹುಮಟ್ಟಿಗೆ ಆ ಲಿಪಿಯಲ್ಲಿಯೇ ಬರೆಯಲ್ಪಡುತ್ತಿದ್ದುವು. ಜೀರ್ಣವಾಗುತ್ತಿರುವ ಇಂತಹ ಕಾಗದಗಳ ಛಾಯಾಚಿತ್ರಗಳನ್ನು ಫೋನಿನಲ್ಲಿ ತೆಗೆದಿಡುವುದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಚಿತ್ರವನ್ನು ಒಂದು ಕಡತರೂಪದಿಂದ ಇನ್ನೊಂದಕ್ಕೆ ಬದಲಿಸುವಾಗ ಅಕ್ಷರದ ಗೆರೆಯೊಂದು ಅಳಿದುಹೋದರೆ, ಮೂಲ ಕಾಗದವು ನಶಿಸಿದ ಮೇಲೆ ಅದನ್ನು ಮರಳಿ ಪಡೆಯುವ ಬಗೆಯೇ ಇಲ್ಲ. ಗೆರೆ ಅಳಿಯುವುದೆಂತು ಎಂಬುದನ್ನು ನೋಡೋಣ.

ಡಿಜಿಟಲ್ ಛಾಯಾಚಿತ್ರವೆಂದರೆ ಅಂಕಿಗಳ ಒಂದು ಕೋಷ್ಟಕ. ಒಂದು ಸಾಲಿಗೆ 4000 ಬಿಂದುಗಳಂತೆ 3000 ಸಾಲುಗಳಿರುವ ಚಿತ್ರದಲ್ಲಿ 1 ಕೋಟಿ 20 ಲಕ್ಷ ಬಿಂದುಗಳಿರುತ್ತವೆ. ಕೆಂಪು, ಹಸುರು, ನೀಲಿಗಳಿಗೆ ಒಂದೊಂದು ಬೈಟಿನಂತೆ 3 ಕೋಟಿ 60 ಲಕ್ಷ ಬೈಟುಗಳು ಬೇಕಾಗುತ್ತವೆ. ಈ ಹೊರೆಯನ್ನು ತಗ್ಗಿಸಲು ಎರಡು ಮಾರ್ಗಗಳುಂಟು. 1996ರಲ್ಲಿ ಪ್ರಕಟವಾದ ಪಿ.ಎನ್.ಜಿ. ರೂಪವು ಮರುಕಳಿಸುವ ಅಂಕಿಗಳನ್ನು ಅಡಕವಾಗಿ ಬರೆದಿಡುತ್ತದೆ. ಬಿಚ್ಚಿದಾಗ ಒಂದಂಕಿಯೂ ಕಳೆದಿರುವುದಿಲ್ಲ. 1992ರಲ್ಲಿ ಮಾನಕವಾದ ಜೆಪೆಗ್ ರೂಪವಾದರೋ ಕೆಲವನ್ನು ಬಿಟ್ಟುಕೊಟ್ಟೇ ಹಗುರಾಗುತ್ತದೆ.

ಜೆಪೆಗ್‌ಗೆ ಆಧಾರವಾದ ಕೊಸೈನ್ ಪರಿವರ್ತನೆಯನ್ನು ಕಂಡುಹಿಡಿದವರು ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹಮದ್ ಅವರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಅವರು ಇದನ್ನು ಪ್ರಕಟಿಸಿದರು. ಜೆಪೆಗ್ ವಿಧಾನದಲ್ಲಿ ಚಿತ್ರವನ್ನು ಅಡ್ಡಕ್ಕೆ 8, ಉದ್ದಕ್ಕೆ 8 ಬಿಂದುಗಳ ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕವನ್ನೂ 64 ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುತ್ತಾರೆ. ಅಗಲವಾದ ಅಲೆಗಳು ಬೆಳಕು ನೆರಳುಗಳ ಹರಹನ್ನು ತಿಳಿಸಿದರೆ, ಒತ್ತೊತ್ತಾದ ಅಲೆಗಳು ಸೂಕ್ಷ್ಮವಾದ ಗೆರೆಗಳನ್ನು ತಿಳಿಸುತ್ತವೆ.

ನಷ್ಟವು ಮುಖ್ಯವಾಗಿ ಇದರ ಮುಂದಿನ ಹಂತದಲ್ಲಿದೆ. ಒಂದು ಅಲೆಯ ಪ್ರಮಾಣ 47 ಎಂದಿರಲಿ. ಅದನ್ನು 10ರಿಂದ ಭಾಗಿಸಿ, ಬಂದ 4.7ನ್ನು 5 ಎಂದು ಬರೆದಿಟ್ಟರೆ, ಬಿಚ್ಚುವಾಗ ದೊರೆಯುವುದು 50. ಪ್ರಮಾಣವು ಬರಿಯ 3 ಆಗಿದ್ದರೆ ದೊರೆಯುವುದು ಸೊನ್ನೆ! ಮಾಸಿದ ಮಸಿಯ ತೆಳುಗೆರೆಯು ಇಂತಹ ಸಣ್ಣ ಪ್ರಮಾಣಗಳಲ್ಲಿಯೇ ಅಡಗಿರುವುದು. 50 ಎಂಬುದನ್ನು ನೋಡಿ ಅದು ಮೊದಲು 47 ಆಗಿತ್ತೆ, 52 ಆಗಿತ್ತೆ ಎಂದು ಯಾರು ತಾನೆ ಹೇಳಬಲ್ಲರು?

ಆದುದರಿಂದ ಜೆಪೆಗ್ ಚಿತ್ರವನ್ನು ಪಿ.ಎನ್.ಜಿ.ಗೆ ಬದಲಿಸಿದರೆ ಮುಂದಿನ ನಷ್ಟ ತಪ್ಪೀತೇ ಹೊರತು ಕಳೆದುದು ಬಾರದು. ಕಡತ ಮಾತ್ರ ದೊಡ್ಡದಾಗುತ್ತದೆ. 2017ರಿಂದ ಐಫೋನುಗಳಲ್ಲಿ ಬಳಕೆಗೆ ಬಂದ ಎಚ್.ಇ.ಐ.ಸಿ. ರೂಪವೂ ಸಾಮಾನ್ಯವಾಗಿ ನಷ್ಟಸಹಿತವಾದುದೇ. ಅದನ್ನು ಜೆಪೆಗ್‌ಗೆ ತಿರುಗಿಸಿದರೆ ಎರಡನೆಯ ನಷ್ಟ ಸೇರುತ್ತದೆ. ಕಡತದ ಹೆಸರಿನ ಕೊನೆಯ ಅಕ್ಷರಗಳನ್ನಷ್ಟೇ ತಿದ್ದಿದರೆ ರೂಪಾಂತರವಾಗದೆಂಬುದನ್ನೂ ನೆನಪಿಡಬೇಕು.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಬರಹವಿರುವ ಚಿತ್ರವೊಂದರ ಪ್ರತಿಯನ್ನು ಅತಿ ಕಡಮೆ ಗುಣಮಟ್ಟದ ಜೆಪೆಗ್ ಆಗಿ ಉಳಿಸಿ, ಹಿಗ್ಗಿಸಿ ನೋಡಿರಿ. ಅಕ್ಷರಗಳ ಅಂಚಿನಲ್ಲಿ ಚೌಕಗಳು ಎದ್ದು ಕಾಣುವುವು. ಕ್ಯಾಮೆರಾದಿಂದ ಬಂದ ಮೂಲ ಕಡತವನ್ನು ಮುಟ್ಟದೆ ಎರಡು ಕಡೆ ಕಾದಿರಿಸಬೇಕು. ಬೇಕಾದ ರೂಪಾಂತರಗಳನ್ನೆಲ್ಲ ಅದರಿಂದಲೇ ಮಾಡಿಕೊಳ್ಳಬೇಕು. ಪ್ರತಿಯ ಪ್ರತಿಯಿಂದ ಮಾಡಿದರೆ ಅಜ್ಜನ ಕೈಬರಹವು ಮೊಮ್ಮಗನಿಗೆ ಬರಿಯ ಕಲೆಯಾಗಿ ಉಳಿದೀತು.