ಗಾಲಿಗಳಿಗೆ ಬಲದ ಹಂಚಿಕೆ

ಎತ್ತಿನ ಬಂಡಿಯ ಎರಡು ಗಾಲಿಗಳೂ ಅಚ್ಚಿನ ಮೇಲೆ ಬೇರೆಬೇರೆಯಾಗಿ ತಿರುಗುವುವು. ತಿರುವಿನಲ್ಲಿ ಹೊರಗಾಲಿಯು ಹೆಚ್ಚು ದೂರವನ್ನೂ ಒಳಗಾಲಿಯು ಕಡಿಮೆ ದೂರವನ್ನೂ ಉರುಳುವುದಾದರೂ, ಎಳೆಯುವ ಎತ್ತು ಮುಂದಿರುವುದರಿಂದ ಈ ಭೇದವು ತೊಡಕೆನಿಸದು. ಮೋಟಾರು ವಾಹನದಲ್ಲಿಯಾದರೋ ಎತ್ತಿನ ಕೆಲಸವನ್ನು ಗಾಲಿಯೇ ಮಾಡಬೇಕು. ಗಾಲಿಗಳ ನಡುವೆ ಒಂದೂವರೆ ಮೀಟರ್ ಅಂತರವುಳ್ಳ ಕಾರು ಕೋಲಾರದ ಯಾವುದಾದರೊಂದು ಬೀದಿಯ ಮೂಲೆಯಲ್ಲಿ ಕಾಲುವೃತ್ತದಷ್ಟು ತಿರುಗಿದರೆ, ಹೊರಗಾಲಿಯು ಸುಮಾರು 2.36 ಮೀಟರ್ ಹೆಚ್ಚಾಗಿ ಉರುಳಬೇಕು. ತಿರುವು ಚಿಕ್ಕದಿರಲಿ, ದೊಡ್ಡದಿರಲಿ, ವ್ಯತ್ಯಾಸವು ಅಷ್ಟೇ. ಎರಡನ್ನೂ ಒಂದೇ ದಂಡಕ್ಕೆ ಬಿಗಿದರೆ ಟೈರು ನೆಲವನ್ನುಜ್ಜಿ ಸವೆಯುವುದು.

ಈ ತೊಡಕನ್ನು ಬಿಡಿಸುವುದೇ ಡಿಫರೆನ್ಷಿಯಲ್. ಫ್ರಾನ್ಸ್ ದೇಶದ ಒನೆಸಿಫೋರ್ ಪೆಕರ್ ಎಂಬಾತನು 1820ರ ದಶಕದ ಕೊನೆಯಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಎಂಜಿನ್ನಿನಿಂದ ಬಂದ ಬಲವು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುವುದು. ಅದಕ್ಕೆ ಅಂಟಿದ ಗೂಡಿನಲ್ಲಿ ಪುಟ್ಟ ಹಲ್ಲುಗಾಲಿಗಳಿದ್ದು, ಅವು ಎಡಬಲದ ಅಚ್ಚುಗಳ ತುದಿಯ ಹಲ್ಲುಗಾಲಿಗಳೊಡನೆ ಕೂಡಿಕೊಂಡಿರುವುವು. ನೇರ ದಾರಿಯಲ್ಲಿ ಎಲ್ಲವೂ ಒಂದೇ ಗಡ್ಡೆಯಾಗಿ ತಿರುಗುವುದು. ತಿರುವಿನಲ್ಲಿ ಪುಟ್ಟಗಾಲಿಗಳು ತಮ್ಮಷ್ಟಕ್ಕೆ ತಾವೂ ತಿರುಗಿ, ಒಂದು ಕಡೆ ಕಳೆದ ವೇಗವನ್ನು ಮತ್ತೊಂದು ಕಡೆಗೆ ಕೂಡಿಸುವುವು.

ವೇಗವೇನೋ ಹೀಗೆ ಬೇರೆಯಾಗುವುದು. ಆದರೆ ತಿರುಗಿಸುವ ಬಲವು ಎರಡೂ ಕಡೆಗೆ ಯಾವಾಗಲೂ ಸಮವಾಗಿಯೇ ಸಲ್ಲುವುದು. ಅನೇಕರು ತಪ್ಪುವುದು ಇಲ್ಲಿಯೇ. ನಡುವೆ ಕಟ್ಟಿದ ನೊಗವನ್ನು ನೆನೆಯಿರಿ. ಒಂದು ಎತ್ತು ಎಳೆತವನ್ನು ಬಿಟ್ಟರೆ ಇನ್ನೊಂದು ಎಷ್ಟು ಬಲಶಾಲಿಯಾದರೇನು, ನೊಗ ಓರೆಯಾಗುವುದೇ ಹೊರತು ಬಂಡಿ ಕದಲದು. ಶ್ರೀನಿವಾಸಪುರದ ತೋಟದಿಂದ ಮಾವು ಹೇರಿ ಹೊರಟ ವಾಹನದ ಒಂದು ಹಿಂಗಾಲಿ ಮಳೆಯ ಕೆಸರಿಗಿಳಿದರೂ ಹೀಗೆಯೇ. ಕೆಸರಿನ ಗಾಲಿಗೆ ಹಿಡಿತವಿಲ್ಲವಾಗಿ ಅದು ಪಡೆಯುವ ಬಲ ಅತ್ಯಲ್ಪ. ಗಟ್ಟಿನೆಲದ ಗಾಲಿಗೂ ಅಷ್ಟೇ ಅತ್ಯಲ್ಪ. ಚಾಲಕನು ಆಕ್ಸಿಲರೇಟರನ್ನು ಒತ್ತಿದಷ್ಟೂ ಗಾಲಿ ಗುಂಡಿ ತೋಡುವುದು, ಹಣ್ಣು ಬಿಸಿಯೇರುವುದು, ಮಂಡಿಯ ಹೊತ್ತು ಮೀರುವುದು.

ಜಾರಿಕೆಯನ್ನು ಮಿತಗೊಳಿಸುವ ಡಿಫರೆನ್ಷಿಯಲ್ಲಿನ ಒಂದು ಬಗೆಯಲ್ಲಿ ಘರ್ಷಣೆಯ ಬಿಲ್ಲೆಗಳನ್ನು ಒತ್ತಾಗಿ ಜೋಡಿಸಿರುವರು. ಒಂದು ಗಾಲಿ ಅತಿಯಾಗಿ ಓಡತೊಡಗಿದರೆ ಬಿಲ್ಲೆಗಳು ತಡೆದು, ನಿಧಾನವಾದ ಗಾಲಿಗೆ ಹೆಚ್ಚು ಬಲವನ್ನು ದಾಟಿಸುವುವು. ಜಾರುವ ಗಾಲಿಗೆ 100 ಪಾಲು ಬಲ ದಕ್ಕಿದಾಗ, ಸಾಧಾರಣ ರಚನೆಯಲ್ಲಿ ಎರಡೂ ಸೇರಿ 200. ಮೂರು ಪಟ್ಟು ದಾಟಿಸಬಲ್ಲ ರಚನೆಯಲ್ಲಿ 100ಕ್ಕೆ 300 ಸೇರಿ 400. ಬಿಲ್ಲೆ ಸವೆದರೆ ಈ ಗುಣವೂ ಸವೆಯುವುದು. ಈಚಿನ ಅನೇಕ ಕಾರುಗಳಲ್ಲಿ ಬಿಲ್ಲೆಗಳ ಬದಲು, ಜಾರುವ ಗಾಲಿಗೆ ಮಾತ್ರ ಬ್ರೇಕು ತಾನಾಗಿ ಬೀಳುವ ಏರ್ಪಾಡಿದೆ.

ಈ ಉಪಾಯವು ಮಾಲೂರು, ಮುಳಬಾಗಿಲು ಕಡೆಯ ರೈತರಿಗೆ ಹೊಸದಲ್ಲ. ಟ್ರ್ಯಾಕ್ಟರಿನ ಎಡಬಲ ಬ್ರೇಕುಗಳು ಬೇರೆಬೇರೆ. ಕೆರೆಯಂಗಳದಲ್ಲಿ ಜಾರುವ ಗಾಲಿಯ ಬ್ರೇಕನ್ನು ಮೆಲ್ಲನೆ ಒತ್ತಿದರೆ ಬಲವು ಆಚೆಯ ಗಾಲಿಗೆ ಹರಿಯುವುದು. ಆದರೆ ರಸ್ತೆಗೆ ಬಂದೊಡನೆ ಎರಡು ಪೆಡಲುಗಳನ್ನೂ ಕೊಂಡಿಯಿಂದ ಕೂಡಿಸಲೇಬೇಕು. ಇಲ್ಲದಿದ್ದರೆ ಓಟದಲ್ಲಿ ಒಂದೇ ಕಡೆಗೆ ಬ್ರೇಕು ಬಿದ್ದು ಟ್ರ್ಯಾಕ್ಟರು ಮಗುಚೀತು. ಎರಡು ಗಾಲಿಗಳನ್ನೂ ಒಂದಾಗಿ ಬಿಗಿಯುವ ಲಾಕ್ ಪೆಡಲೂ ಉಂಟು. ಅದನ್ನು ನೇರವಾಗಿ ಸಾಗುವಾಗ ಮಾತ್ರ ಬಳಸಿ, ತಿರುಗುವ ಮುನ್ನ ಬಿಡಬೇಕು. ಕಾಲು ತೆಗೆದರೂ ಭಾರದ ಬಿಗಿತದಿಂದ ಅದು ಬಿಡದಿದ್ದರೆ, ಕ್ಲಚ್ಚನ್ನೊತ್ತಿ ಎಳೆತವನ್ನು ಕ್ಷಣಕಾಲ ನಿಲ್ಲಿಸಿದಾಗ ಸಾಮಾನ್ಯವಾಗಿ ಬಿಡಿಸಿಕೊಳ್ಳುವುದು.