ಮರದ ಗೋಡೆಯ ಲೆಕ್ಕದಲ್ಲಿ ನಾನು ಕಡಿದ ಎರಡು ಅಡಿ

ನಮ್ಮದು ಬಾಡಿಗೆ ಮನೆ. ಅಂಗಳ ರಸ್ತೆಗೆ ತೆರೆದಿದೆ. ನಾನಿ ಮೆಣಸಿನಕಾಯಿ ಒಣಗಿಸಲು ಕೂತರೆ ದೂಳೆಲ್ಲ ಅವರ ಮೇಲೆಯೇ. ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಆದ್ದರಿಂದ ಯಾವುದಕ್ಕೂ ಆನಿಸದೆ ತಾನೇ ನಿಲ್ಲುವ ಮರದ ಗೋಡೆ ಕಟ್ಟೋಣ ಎಂದರು ನಾನಾ. 8 ಅಡಿ ಉದ್ದ, 6 ಅಡಿ ಎತ್ತರ. ಅವರು ಬಡಗಿ ಕೆಲಸದಲ್ಲೇ ವಯಸ್ಸು ಕಳೆದವರು. ಅಂದಾಜು ಬರೆಯುವ ಕೆಲಸ ನನಗೆ ಬಂತು. ಕಾಮರ್ಸ್ ಓದುವವರಿಗೆ ಮನೆಯಲ್ಲಿ ಇಷ್ಟಾದರೂ ಗೌರವ ಇದೆ.

ಮರವನ್ನು ಘನ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ದಪ್ಪ, ಅಗಲವನ್ನು ಇಂಚಿನಲ್ಲೂ ಉದ್ದವನ್ನು ಅಡಿಯಲ್ಲೂ ಹಿಡಿದು ಗುಣಿಸಿ, 144ರಿಂದ ಭಾಗಿಸಬೇಕು. 1 ಇಂಚು ದಪ್ಪ, 4 ಇಂಚು ಅಗಲ, 8 ಅಡಿ ಉದ್ದದ ಒಂದು ಹಲಗೆ 0.22 ಘನ ಅಡಿ. ನಡುವೆ ಇಂಚಿನ ಸಂದು ಬಿಟ್ಟರೆ 14 ಹಲಗೆ ಸಾಕು. ಕಂಬ ಮೂರು, 4 ಇಂಚು ಚೌಕ. ಅದರ ಉದ್ದ ಎಷ್ಟು?

“ನೌ ಫುಟ್ ಹೋನಾ” ಎಂದರು ನಾನಾ. ಒಂಬತ್ತು ಅಡಿ ಬೇಕು, ಮೂರರಲ್ಲಿ ಒಂದು ಪಾಲು ಮಣ್ಣಿಗೆ. ಕಾಣದ ಮರಕ್ಕೆ ದುಡ್ಡೇಕೆ ಎಂದು ನಾನು ಕ್ಯಾಲ್ಕ್ಯುಲೇಟರ್ ಹಿಡಿದು ವಾದಿಸಿ 7 ಅಡಿಗೆ ಇಳಿಸಿದೆ. ಉಳಿತಾಯ 0.67 ಘನ ಅಡಿ. ಅವರು ಒಂದು ಸಲ ನನ್ನ ಮುಖ ನೋಡಿ ಸುಮ್ಮನಾದರು.

ಏಪ್ರಿಲ್‌ನ ಮೊದಲ ಮಳೆಗಾಳಿಗೆ ಗೋಡೆ ಬಿತ್ತು. ರಾತ್ರಿಯಾಗಿತ್ತು. ಬಿದ್ದದ್ದು ನಾನಿಯ ಮಣೆಯ ಮೇಲೆ.

ವಿಜ್ಞಾನ ವಿಭಾಗದ ಗೆಳೆಯನೊಬ್ಬ ಕಾರಣ ತಿಳಿಸಿದ. ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರ್‌ನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್‌ನಲ್ಲಿ ಸಿಗುತ್ತದೆ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್, ಒತ್ತಡ 240. ನಮ್ಮ ಹಲಗೆಗಳ ಮೇಲ್ಮೈ ಸುಮಾರು 3.5 ಚದರ ಮೀಟರ್. ಅಂದರೆ 840 ನ್ಯೂಟನ್, 85 ಕಿಲೋ ತೂಕದಷ್ಟು ತಳ್ಳುವಿಕೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಈ ತಳ್ಳುವಿಕೆ ನೆಲದಿಂದ ಮೂರಡಿ ಮೇಲೆ ಸನ್ನೆಕೋಲಿನಂತೆ ಮೀಟುತ್ತದೆ. ಹಿಡಿದು ನಿಲ್ಲಿಸಲು ನಾನು ಕೊಟ್ಟಿದ್ದು ಒಂದಡಿ ಮಣ್ಣು, ಅದೂ ಮಳೆಗೆ ಮೆತ್ತಗಾದದ್ದು.

ಒಡೆದ ಹಲಗೆ 5: 1.11 ಘನ ಅಡಿ. ಗೋಡೆಗೆ ಇನ್ನು ಸಾಲದ ಮೂರು ಕಂಬ: 2.33. ಒಟ್ಟು ನಷ್ಟ 3.44.

ಎರಡನೇ ಅಂದಾಜನ್ನು ನಾನಾ ಹೇಳಿದರು, ನಾನು ಬರೆದುಕೊಂಡೆ. ಮೂರಡಿ ಗುಂಡಿ ನಾನೇ ಅಗೆದೆ. ಅಂಗೈ ಬೊಬ್ಬೆ ಬಂತು. ತಳಕ್ಕೆ ಜಲ್ಲಿ ಹಾಕಿದೆವು, ನೀರು ಇಂಗಿ ಹೋಗಲಿ ಎಂದು. ಕಂಬ ಬೇಗ ಕೊಳೆಯುವುದು ಮಣ್ಣು ಮತ್ತು ಗಾಳಿ ಕೂಡುವ ಮಟ್ಟದಲ್ಲಿ. ಹಾಗಾಗಿ ಅಲ್ಲಿ ಡಾಂಬರು ಬಳಿದು, ಸುತ್ತಲಿನ ಕಾಂಕ್ರೀಟನ್ನು ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಮಾಡಿದೆವು. ಕೆಳಗಿನ ಹಲಗೆ ನೆಲದಿಂದ ಎರಡು ಇಂಚು ಮೇಲಿದೆ. ತೂಗುಗುಂಡು ಹಿಡಿಯುವಾಗ ನಾನಾರ ಕೈ ನಡುಗುತ್ತದೆ, ಆದ್ದರಿಂದ ದಾರ ನಾನು ಹಿಡಿದೆ, ಕಣ್ಣು ಅವರದು.

ಮೇ ತಿಂಗಳ ಗಾಳಿಗೆ ಗೋಡೆ ಸ್ವಲ್ಪ ಅಲುಗಿ ನಿಂತುಕೊಂಡಿತು. ಮೇಲಿನ ಹಲಗೆಯೊಂದು ಬಿಸಿಲಿಗೆ ಬಾಗಿದೆ. ಭಾನುವಾರ ಬದಲಿಸಬೇಕು, 0.22 ಘನ ಅಡಿ.